ದಾಂಡಿನ ಓರೆ ಮತ್ತು ಕಾವಿನ ಉದ್ದ: ಇಳಿವಯಸ್ಸಿನ ಗಾಲ್ಫ್ ಆಟಗಾರರ ಸಂಬಂಧವಾಗಿ ಒಂದು ಐತಿಹಾಸಿಕ ವಿವೇಚನೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಬಡಿಗನು ಗುದ್ದಲಿಗೆ ಕಾವು ಹಾಕುವಾಗ ಅದನ್ನು ಹಿಡಿಯುವವನ ಎತ್ತರವನ್ನೂ ತೋಳಿನ ಬಲವನ್ನೂ ಗಮನಿಸುವುದು ವಾಡಿಕೆಯ ಮಾತು. ಅಲಗು ಕಾವಿಗೆ ಕೂಡುವ ಕೋನವು ತುಸು ತಪ್ಪಿದರೂ ಬೆನ್ನಿಗೆ ನೋವು ತಪ್ಪದೆಂಬುದನ್ನು ರೈತನು ಅನುಭವದಿಂದ ಬಲ್ಲನು. ಉಪಕರಣವು ದೇಹಕ್ಕೆ ಒಪ್ಪಬೇಕೆಂಬ ಈ ತತ್ತ್ವವು ಗಾಲ್ಫ್ ಆಟದಲ್ಲಿ ಹೇಗೆ ನೆಲೆಗೊಂಡಿತ್ತು, ಹೇಗೆ ಹಿಂದೆ ಸರಿಯಿತು, ಅದರಿಂದ ವಯಸ್ಸಾದ ಆಟಗಾರನಿಗೆ ಒದಗಿದ ತೊಡಕೇನು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸ್ಕಾಟ್ಲೆಂಡಿನಲ್ಲಿ ಬೆಳೆದ ಈ ಆಟವು ನಮ್ಮ ದೇಶಕ್ಕೆ ಬಹು ಬೇಗನೆ ಬಂದಿತು. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು 1829ರಲ್ಲಿ, ಬೆಂಗಳೂರಿನದು 1876ರಲ್ಲಿ ಸ್ಥಾಪಿತವಾದುವು. ಚೆಂಡನ್ನು ಬಹುದೂರ ಹೊಡೆಯಲು ಬಳಸುವ ದಾಂಡಿಗೆ ಡ್ರೈವರ್ ಎಂದು ಹೆಸರು. ಅದರ ಮುಖವು ಲಂಬರೇಖೆಯಿಂದ ಹಿಂದಕ್ಕೆ ಎಷ್ಟು ಡಿಗ್ರಿ ವಾಲಿದೆಯೋ ಅದೇ ಅದರ ಓರೆ. ಆಟಗಾರರು ಇದನ್ನು ಲಾಫ್ಟ್ ಎನ್ನುತ್ತಾರೆ. ಓರೆ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಏಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ದಾಂಡುಗಳನ್ನು ಕುಶಲಕರ್ಮಿಗಳು ಕೈಯಿಂದಲೇ ಮಾಡುತ್ತಿದ್ದರು. ಕಾವಿಗೆ ಹಿಕರಿ ಮರವೂ, ಆ ಶತಮಾನದ ಕೊನೆಯ ವೇಳೆಗೆ ತಲೆಗೆ ಪರ್ಸಿಮನ್ ಮರವೂ ಬಳಕೆಗೆ ಬಂದುವು. ಪರ್ಸಿಮನ್ ಮರವು, ಬೀಡಿ ಎಲೆಗೆ ಹೆಸರಾದ ನಮ್ಮ ತುಮರಿ ಮರದ ಜಾತಿಗೇ ಸೇರಿದ್ದೆಂಬುದು ಇಲ್ಲಿ ಸ್ಮರಣೀಯ. ಒಂದು ಹಿಕರಿ ಕಾವಿನ ಬಳುಕು ಇನ್ನೊಂದಕ್ಕೆ ಇರುತ್ತಿರಲಿಲ್ಲ. ಆದುದರಿಂದ ಆಟಗಾರನು ಹಲವನ್ನು ಬೀಸಿ ನೋಡಿ ತನಗೆ ಒಗ್ಗಿದುದನ್ನು ಆರಿಸಿಕೊಳ್ಳುತ್ತಿದ್ದನು. ಬೇಕಾದರೆ ಉದ್ದವನ್ನು ಕಡಿಸುತ್ತಿದ್ದನು.

ಉಕ್ಕಿನ ಕಾವಿಗೆ ಅಮೆರಿಕದ ನಿಯಮಮಂಡಲಿಯು 1924ರಲ್ಲೂ ಸೇಂಟ್ ಆಂಡ್ರೂಸಿನ ಮಂಡಲಿಯು 1929ರಲ್ಲೂ ಅನುಮತಿ ನೀಡಿದುವು. ಅಂದಿನಿಂದ ಒಂದೇ ಅಳತೆಯ ದಾಂಡುಗಳು ಕಾರ್ಖಾನೆಗಳಿಂದ ಸಾಲುಸಾಲಾಗಿ ಹೊರಬಂದುವು. ಇದರಿಂದ ಗುಣಮಟ್ಟ ಸ್ಥಿರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಾಂಡಿಗೆ ತಕ್ಕಂತೆ ದೇಹವನ್ನು ಒಗ್ಗಿಸಿಕೊಳ್ಳುವ ಹೊಣೆ ಆಟಗಾರನ ಮೇಲೆ ಬಿದ್ದಿತು. ಮರದ ತಲೆಯ ಡ್ರೈವರಿನ ರೂಢಿಯ ಉದ್ದ ಸುಮಾರು 43 ಅಂಗುಲ. 1970ರ ದಶಕದಲ್ಲಿ ಗ್ರಾಫೈಟಿನ ಹಗುರವಾದ ಕಾವು ಬಂದಿತು. 1979ರಲ್ಲಿ ಗ್ಯಾರಿ ಆಡಮ್ಸ್ ಸ್ಥಾಪಿಸಿದ ಟೇಲರ್‌ಮೇಡ್ ಸಂಸ್ಥೆಯು ಉಕ್ಕಿನ ತಲೆಯನ್ನು ಪ್ರಚಾರಕ್ಕೆ ತಂದಿತು. 1990ರ ದಶಕದಲ್ಲಿ ಟೈಟೇನಿಯಮ್ ತಲೆಗಳು ಹರಡಿದುವು. ತೂಕವು ಇಳಿದಂತೆ ಉದ್ದವು ಏರಿತು. ಇಂದು ಅಂಗಡಿಯ ಡ್ರೈವರು ಸಾಮಾನ್ಯವಾಗಿ 45ರಿಂದ 46 ಅಂಗುಲಗಳಷ್ಟಿದೆ. ನಿಯಮವು 48 ಅಂಗುಲಗಳವರೆಗೆ ಅವಕಾಶ ಕೊಡುತ್ತದೆ; 2022ರಿಂದ ಉನ್ನತ ಸ್ಪರ್ಧೆಗಳ ಆಯೋಜಕರು 46 ಅಂಗುಲಗಳ ಮಿತಿಯನ್ನು ವಿಧಿಸಬಹುದಾಗಿದೆ.

ಈ ಬೆಳವಣಿಗೆಯು ತರುಣರ ಬಲವನ್ನು ಮುಂದಿಟ್ಟುಕೊಂಡು ನಡೆದುದಾಗಿದೆ. ಕಾವು ನೀಳವಾದರೆ ತಲೆಯ ವೇಗ ಹೆಚ್ಚುವುದು ನಿಜ. ಆದರೆ ಚೆಂಡಿನಿಂದ ಕೈ ದೂರವಾದಷ್ಟೂ ಮುಖದ ನಡುಭಾಗದಿಂದ ಹೊಡೆಯುವುದು ಕಠಿನ; ಪೆಟ್ಟು ಅಂಚಿಗೆ ಬಿದ್ದರೆ ಗಳಿಸಿದ ವೇಗವು ವ್ಯರ್ಥವಾಗುತ್ತದೆ. ಸೊಂಟದ ತಿರುವು ಕುಗ್ಗಿದ ವೃದ್ಧನಿಗೆ ಈ ನಷ್ಟ ಹೆಚ್ಚು. ಆತನು 44 ಅಂಗುಲಗಳ, ಅಥವಾ ಹಳೆಯ ಅಳತೆಗೆ ಇನ್ನೂ ಸಮೀಪವಾದ ಕಾವನ್ನು ಪರೀಕ್ಷಿಸಿ ನೋಡುವುದು ಯುಕ್ತ. ಕಾವನ್ನು ಕಡಿದಾಗ ಬೀಸಿನಲ್ಲಿ ತಲೆಯ ಭಾರ ಕಡಮೆಯಾದಂತೆ ತೋರುವುದರಿಂದ, ತಲೆಗೆ ಕೊಂಚ ತೂಕ ಕೂಡಿಸಬೇಕಾಗಬಹುದು.

ಓರೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಓರೆ ಕಡಮೆಯಾದಷ್ಟೂ ಚೆಂಡು ದೂರ ಹೋಗುವುದೆಂದು ಹಲವರು ಭಾವಿಸುತ್ತಾರೆ. 9 ಡಿಗ್ರಿಯ ದಾಂಡನ್ನು ಹಿಡಿಯುವುದು ಪೌರುಷದ ಗುರುತೆಂದೂ ಎಣಿಸುತ್ತಾರೆ. ವೇಗವಾಗಿ ಹೊರಟ ಚೆಂಡನ್ನು ಅದರ ಹಿಮ್ಮುಖ ಸುತ್ತುವಿಕೆಯೇ ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ವೇಗವು ತಗ್ಗಿದಾಗ ಈ ಆಧಾರವೂ ತಗ್ಗುವುದರಿಂದ, ಚೆಂಡು ಮೊದಲೇ ಹೆಚ್ಚಿನ ಕೋನದಲ್ಲಿ ಏಳಬೇಕು. ಆದುದರಿಂದ ನಿಧಾನವಾಗಿ ಬೀಸುವವನಿಗೆ 12 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಓರೆಯೇ ಬಹುಮಟ್ಟಿಗೆ ಹೆಚ್ಚು ದೂರವನ್ನು ಕೊಡುತ್ತದೆ. ಓರೆ ಹೆಚ್ಚಿದಾಗ ಚೆಂಡು ಪಕ್ಕಕ್ಕೆ ಬಾಗುವುದೂ ಕಡಮೆ. ಅಂತಿಮ ನಿರ್ಣಯವು ಮಾತ್ರ ಆಯಾ ಆಟಗಾರನ ಬೀಸನ್ನು ಅಳೆದು ನೋಡಿದ ಮೇಲೆಯೇ ಆಗತಕ್ಕದ್ದು. ವಯಸ್ಸೊಂದನ್ನೇ ಅಳತೆಗೋಲಾಗಿ ಹಿಡಿಯಲಾಗದು.

ಇದನ್ನು ಕೇವಲ ವಿನೋದದ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಿವೃತ್ತಿಯ ತರುವಾಯ ಬಯಲಿನಲ್ಲಿ ನಡೆಯುವ, ಗೆಳೆಯರೊಡನೆ ಕೂಡುವ ಅವಕಾಶವನ್ನು ಈ ಆಟವು ನೀಡುತ್ತದೆ. ಹೊಡೆತವು ಸಾಗದೆಂದು ಬೇಸತ್ತು ಆಟವನ್ನು ಬಿಡುವವನು ಅನೇಕ ವೇಳೆ ತನ್ನ ಮುಪ್ಪನ್ನು ದೂರುತ್ತಾನೆ. ದೋಷವು ದಾಂಡಿನಲ್ಲಿ ಇದ್ದೀತೆಂಬುದು ಆತನಿಗೆ ಹೊಳೆಯದು. ಹಿಕರಿಯ ಕಾಲದ ಆಟಗಾರನಿಗೆ ಈ ಸಂಗತಿ ಸಹಜವಾಗಿಯೇ ತಿಳಿದಿತ್ತು. ಇಂದಿನ ಡ್ರೈವರುಗಳಲ್ಲಿ ಹಲವದರ ಓರೆಯನ್ನು ತಿರುಪಿನಿಂದ ಬದಲಿಸಬಹುದಾಗಿದೆ. ಹಳೆಯ ಕುಶಲಕರ್ಮಿಯ ವಿವೇಕವು ಯಂತ್ರದ ಮೂಲಕವೇ ಮರಳಿ ಬರುತ್ತಿದೆಯೆಂದು ಹೇಳಲು ಇದು ಸಾಕಷ್ಟು ಆಧಾರವೆಂದು ನಾವು ಭಾವಿಸುತ್ತೇವೆ.