ತುಪ್ಪವಿಲ್ಲದ ಮದುವೆಯೂಟ: ಕೊಂಕಣದ ಬೆನೆ ಇಸ್ರಾಯೇಲರ ಪಾಕವಿಧಿ

ಅಲಿಬಾಗ, ರೇವದಂಡಾ ಪರಿಸರದ ಬೆನೆ ಇಸ್ರಾಯೇಲ್ ಯೆಹೂದಿಗಳ ಮನೆಮಾತು ಮರಾಠಿ, ಪರಂಪರಾಗತ ವೃತ್ತಿ ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಹೀಬ್ರೂ ಪಠ್ಯಗಳ ಪರಿಚಯ ಬಹುಕಾಲ ಕ್ಷೀಣಿಸಿದ್ದರೂ ಧರ್ಮವಿಧಿ ಅಡುಗೆಮನೆಯಲ್ಲಿ ಉಳಿದಿತ್ತು. ಐತಿಹ್ಯದ ಪ್ರಕಾರ ಡೇವಿಡ್ ರಹಾಬಿ ಎಂಬವನು ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನಿಟ್ಟ. ಈಜುರೆಕ್ಕೆ, ಹುರುಪೆಗಳಿಲ್ಲದವನ್ನು ಅವರು ಬದಿಗಿರಿಸಿದ್ದನ್ನು ಕಂಡು ಇವರು ಯೆಹೂದಿಗಳೇ ಎಂದು ನಿಶ್ಚಯಿಸಿದ. ಘಟನೆಯ ಕಾಲ ವಿವಾದಗ್ರಸ್ತ. ಆದರೆ ತನ್ನ ಗುರುತಿನ ಪರೀಕ್ಷೆ ಒಲೆಯ ಬಳಿ ನಡೆಯಿತೆಂದು ಸಮುದಾಯವೇ ನೆನೆಯುತ್ತದೆ.

ಇಂಥವರ ಮದುವೆಯಲ್ಲಿ ಮೊದಲು ತೀರ್ಮಾನವಾಗಬೇಕಾದುದು ಊಟ ಮಾಂಸದ್ದೋ ಹಾಲಿನದೋ ಎಂಬುದು. ಎರಡನ್ನೂ ಒಂದೇ ಊಟದಲ್ಲಿ ಬೆರೆಸುವಂತಿಲ್ಲ. ಮಾಂಸವೆಂದಾದರೆ ತುಪ್ಪ, ಮೊಸರು, ಹಾಲಿನ ಪಾಯಸ ಎಲ್ಲವೂ ಹೊರಗೆ. ತುಪ್ಪದಿಂದಲೇ ಔತಣದ ಘನತೆಯನ್ನು ಅಳೆಯುವ ನಾಡಿನಲ್ಲಿ ಇದು ಸಣ್ಣ ತ್ಯಾಗವಲ್ಲ. ಕೊಂಕಣದ ತೆಂಗು ಇಲ್ಲಿ ನೆರವಿಗೆ ಬಂದಿತು: ಮಾಂಸದ ಸಾರು ತೆಂಗಿನ ಹಾಲಿನಲ್ಲಿ ಕುದಿಯಿತು, ಸಿಹಿಯೂ ಅದರಲ್ಲೇ ಆಯಿತು. ಹೊಸವರ್ಷಕ್ಕೆ ಗೋಧಿಯ ಹಾಲು ತೆಗೆದು ಕಾಯಿಸುವ ಹಲ್ವದ ಹಿಂದಿರುವುದೂ ಇದೇ ಉಪಾಯ. ಮಾಂಸವೂ ವಿಧಿಬಲ್ಲವನು ಕೊಯ್ದದ್ದಾಗಬೇಕು. ರಕ್ತ ತೆಗೆಯಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಸವರಿಟ್ಟು, ಮತ್ತೆ ಮತ್ತೆ ತೊಳೆಯಬೇಕು. ನೂರಾರು ಅತಿಥಿಗಳಿದ್ದಲ್ಲಿ ನೀರು, ಉಪ್ಪು, ಪಾತ್ರೆಗಳ ಲೆಕ್ಕವೇ ದೊಡ್ಡದು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಒಲೆ ಹಚ್ಚುವಂತೆಯೂ ಇರಲಿಲ್ಲ.

ಮದುವೆಗೆ ಮುನ್ನ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲೀದೆ ನಡೆಯುತ್ತದೆ. ದಖ್ಖನದ ದರ್ಗಾಗಳಲ್ಲಿ ಮಲೀದೆಯೆಂದರೆ ಪುಡಿಮಾಡಿದ ಗೋಧಿರೊಟ್ಟಿಗೆ ಬೆಲ್ಲ ಬೆರೆಸಿದ್ದು. ಇವರದು ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿಗಳದು, ಜೊತೆಗೆ ಹಣ್ಣುಗಳು. ಹೆಸರು ನೆರೆಯ ಮುಸಲ್ಮಾನರೊಡನೆ ಹಂಚಿಕೊಂಡದ್ದು, ಅಕ್ಕಿ ಕೊಂಕಣದ್ದು, ಆಶೀರ್ವಚನ ಹೀಬ್ರೂ. ದ್ರಾಕ್ಷಾರಸದ ಆಶೀರ್ವಚನಕ್ಕೂ ಮದ್ಯದ ಬದಲು ಒಣದ್ರಾಕ್ಷಿಯನ್ನು ನೆನೆಸಿ ಹಿಂಡಿದ ಶರಬತ್ತನ್ನೇ ಬಳಸಿದರು. ಇದನ್ನು ಕೊರತೆಯೆಂದು ಬಗೆಯುವುದು ಸಲ್ಲದು; ಬಳ್ಳಿಯ ಫಲವೆಂಬ ನಿಯಮವನ್ನು ಅದು ಪಾಲಿಸುತ್ತದೆ.

1948ರ ಅನಂತರ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರು. ಅಲ್ಲಿ 1960ರ ದಶಕದ ಆರಂಭದಲ್ಲಿ ಧರ್ಮಾಧಿಕಾರಿಗಳು ಇವರ ವಿವಾಹಗಳಿಗೆ ಮೊದಲು ವಂಶಾವಳಿಯ ವಿಚಾರಣೆಯನ್ನು ವಿಧಿಸಿದರು. ಪ್ರತಿಭಟನೆಗಳ ಬಳಿಕ 1964ರಲ್ಲಿ ಪೂರ್ಣ ಯೆಹೂದಿಗಳೆಂಬ ಮನ್ನಣೆ ದೊರೆಯಿತು. ಅಲ್ಲಿನ ಬೆನೆ ಇಸ್ರಾಯೇಲ್ ಮನೆಗಳಲ್ಲಿ ಶುಭಕಾರ್ಯಗಳಿಗೆ ಇಂದಿಗೂ ಅವಲಕ್ಕಿಯ ಮಲೀದೆಯನ್ನೇ ಸಿದ್ಧಪಡಿಸುತ್ತಾರೆ.