ಬೇವು: ಬೀದರ್ ಸೀಮೆಯಲ್ಲಿ ನೆಡುವಿಕೆ ಮತ್ತು ಆರೈಕೆ

ಬೇವು (ಅಜಾಡಿರಾಕ್ಟ ಇಂಡಿಕ, ಮಿಲಿಯೇಸಿ ಕುಟುಂಬ) ಭಾರತ ಉಪಖಂಡ ಮತ್ತು ಮ್ಯಾನ್ಮಾರ್ ಮೂಲದ ಮರ. ಸಾಮಾನ್ಯವಾಗಿ 15–20 ಮೀಟರ್ ಎತ್ತರ ಬೆಳೆಯುತ್ತದೆ. ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ಗಳ ರಸ್ತೆಬದಿ, ಶಾಲೆಯಂಗಳ, ಕಚೇರಿ ಆವರಣಗಳಿಗೆ ಹೊಂದುವ ದೇಶಿ ಹೆಮ್ಮರಗಳಲ್ಲಿ ಇದು ಮುಖ್ಯವಾದುದು. ವರ್ಷವಿಡೀ ಹಸಿರಾಗಿ, ನೆಟ್ಟಗೆ ಬೆಳೆಯುವ ಪೈನ್ ಜಾತಿಯ ಮರಗಳೇ ಆವರಣಕ್ಕೆ ಅಂದವೆಂಬ ವಾದವುಂಟು. ಆದರೆ ಭಾರತದ ಸಹಜ ಪೈನ್‌ಗಳೆಲ್ಲ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳವು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಬಯಲು ಅವುಗಳ ನೆಲೆಯಲ್ಲ. ಬೇವು ಎಲೆ ಉದುರಿಸುವುದು ಫೆಬ್ರವರಿ–ಮಾರ್ಚ್ ಸುಮಾರಿಗೆ, ಸ್ವಲ್ಪ ಕಾಲ ಮಾತ್ರ. ಬಿಸಿಲು ಬಲಿಯುವಷ್ಟರಲ್ಲಿ ಹೊಸ ಎಲೆ ತುಂಬಿ, ನೆರಳು ಬೇಕಾದ ಹೊತ್ತಿಗೇ ನೆರಳು ಸಿಗುತ್ತದೆ.

ಮರ ಸರಿಯಾದುದೆಂದ ಮಾತ್ರಕ್ಕೆ ಎಲ್ಲೆಡೆ ಒಂದೇ ಬಗೆಯ ಗುಂಡಿ ತೋಡಿ ನೆಟ್ಟರೆ ಸಾಲದು. ನೆಡುವ ಕ್ರಮವನ್ನು ಮಣ್ಣು ನಿರ್ಧರಿಸಬೇಕು. ಬೀದರ್ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಮಳೆನೀರು ಈ ಕೆಂಪುಕಲ್ಲಿನ ಮೂಲಕ ಇಳಿದು, ಅಡಿಯ ಕಪ್ಪುಬಂಡೆಯ ಬಳಿ ತಡೆಯುತ್ತದೆ. ನೌಬಾದಿನ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಈ ಗುಣವನ್ನು ಬಳಸಿಕೊಂಡೇ ನಿರ್ಮಾಣವಾದುದು. ಮೇಲೆ ಒಣಗಿದ್ದರೂ ಆಳದಲ್ಲಿ ತೇವ ಉಳಿಯುವ ಇಂಥ ನೆಲದಲ್ಲಿ ಸುಮಾರು ಒಂದು ಮೀಟರ್ ಆಳದ ಗುಂಡಿ ತೆಗೆದು, ತಳದ ಗಟ್ಟಿಪದರವನ್ನು ಹಾರೆಯಿಂದ ಒಡೆದು, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಬೇಕು. ಭಾಲ್ಕಿ, ಔರಾದ್ ಕಡೆಯ ಎರೆಭೂಮಿಯಲ್ಲಿ ಇದೇ ಗುಂಡಿ ಮಳೆಗಾಲದಲ್ಲಿ ನೀರು ನಿಲ್ಲುವ ತೊಟ್ಟಿಯಾಗುತ್ತದೆ, ಬೇವು ನಿಂತ ನೀರನ್ನು ತಾಳದು. ಅಲ್ಲಿ ದಿಬ್ಬ ಕಟ್ಟಿ ನೆಟ್ಟು, ನೀರು ಹರಿದುಹೋಗಲು ಕಾಲುವೆ ಬಿಡಬೇಕು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದಾಗ ಎಳೆಬೇರು ಹರಿಯುವುದರಿಂದ ಬಿರುಕು ಮುಚ್ಚಿ, ತರಗೆಲೆ ಅಥವಾ ತೊಗರಿ ಹೊಟ್ಟಿನ ಹೊದಿಕೆ ಹಾಕಬೇಕು.

ಬದುವಿನ ಮೇಲೆ ತಾನಾಗಿ ಹುಟ್ಟುವ ಬೇವಿಗೆ ಇಷ್ಟು ಆರೈಕೆ ಏಕೆಂಬ ಪ್ರಶ್ನೆ ಸಹಜ. ಬಿದ್ದಲ್ಲೇ ಮೊಳೆತ ಬೀಜದ ತಾಯಿಬೇರು ಅಡ್ಡಿಯಿಲ್ಲದೆ ಆಳಕ್ಕಿಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚು ಕಾಲ ಉಳಿದ ಸಸಿಯ ಬೇರು ಸುರುಳಿ ಸುತ್ತಿರುತ್ತದೆ. ನೆಡುವಾಗ ಅದನ್ನು ಬಿಡಿಸದಿದ್ದರೆ ಮರಕ್ಕೆ ಹಿಡಿತವಿರದು. ಆದ್ದರಿಂದ ಸಾಧ್ಯವಿದ್ದಲ್ಲಿ ಮುಂಗಾರಿನ ಹೊತ್ತಿಗೆ ಮಾಗಿದ ಬೀಜವನ್ನು ಒಡನೆಯೇ ಬಿತ್ತುವುದು ಮೇಲು, ಅದರ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುತ್ತದೆ. ನೆಟ್ಟ ಸಸಿಗೆ ಮೊದಲ ಎರಡು ಮೂರು ಬೇಸಿಗೆ, ದಿನವೂ ಚಿಮುಕಿಸುವ ಬದಲು, ಬಿಡುವು ಕೊಟ್ಟು ಪಾತಿ ತುಂಬ ನೀರುಣಿಸಿದರೆ ಬೇರು ಕೆಳಮುಖವಾಗುತ್ತದೆ. ಮೇಕೆ, ದನಗಳಿಂದ ಕಾಯಲು ಮುಳ್ಳುಬೇಲಿ ಬೇಕು. ಕಾಂಡದ ಬುಡದವರೆಗೆ ಕಾಂಕ್ರೀಟ್ ಹಾಕುವುದು ಬೆಳೆದ ಮರಕ್ಕೂ ಕೇಡು.

ತುದಿಗಳು ಒಣಗುವ ರೋಗವನ್ನು ತೋರಿಸಿ ಬೇವನ್ನೇ ಬಿಡಬೇಕೆನ್ನುವವರೂ ಇದ್ದಾರೆ. ಫೋಮಾಪ್ಸಿಸ್ ಶಿಲೀಂಧ್ರ ತರುವ ಈ ರೋಗ ನಿಜವಾದ ತೊಂದರೆಯೇ. ಆದರೂ ರೋಗ ತಗುಲಿದ ಮರಗಳು ಮತ್ತೆ ಚಿಗುರುವುದುಂಟು. ಒಣಗಿದ ರೆಂಬೆಗಳನ್ನು ಕತ್ತರಿಸಿ ಸುಡಬೇಕು. ಬೇವಿನ ಜೊತೆಗೆ ಹುಣಸೆ, ಹೊಂಗೆ, ಆಲಗಳನ್ನೂ ಬೆರೆಸಿ ನೆಟ್ಟರೆ ಒಂದು ರೋಗಕ್ಕೆ ಇಡೀ ಸಾಲು ಬೋಳಾಗದು. ದೇಶಿ ಮರವೆಂಬ ಕಾರಣಕ್ಕೆ ಆರೈಕೆ ಬೇಡವೆನ್ನುವುದಾಗಲಿ, ರೋಗ ಬಂದಿತೆಂದು ಮರವನ್ನೇ ತೊರೆಯುವುದಾಗಲಿ ಸರಿಯಲ್ಲ. ನೆಲದ ಗುಣವರಿತು ಮೊದಲ ವರ್ಷಗಳಲ್ಲಿ ಮಾಡಿದ ಆರೈಕೆಯೇ ಮುಂದಿನ ತಲೆಮಾರುಗಳ ನೆರಳಿಗೆ ಆಧಾರ.