ಚಾರ್ಜ್‌ಬ್ಯಾಕ್ ವಿವಾದದಲ್ಲಿ ಸೋತ ವ್ಯಾಪಾರಿಗೆ ಇರುವ ಮಾರ್ಗಗಳು

ಚಾರ್ಜ್‌ಬ್ಯಾಕ್ ಎಂದರೆ ಕ್ರೆಡಿಟ್ ಕಾರ್ಡ್‌ದಾರನ ತಕರಾರಿನ ಮೇಲೆ, ವ್ಯಾಪಾರಿಗೆ ಸಂದಾಯವಾದ ಹಣವನ್ನು ಕಾರ್ಡ್ ಜಾಲದ ನಿಯಮಗಳ ಪ್ರಕಾರ ಹಿಂಪಡೆಯುವ ಕ್ರಮ. ಕಾರ್ಡ್ ನೀಡಿದ ಬ್ಯಾಂಕು, ವ್ಯಾಪಾರಿಯ ಬ್ಯಾಂಕು ಹಾಗೂ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮೊದಲಾದ ಜಾಲಗಳು ಇದರಲ್ಲಿ ಭಾಗಿಗಳು. ಈ ಕ್ರಮದಲ್ಲಿನ ಸೋಲು ಹಣ ಪಾವತಿಯ ವಿಧಾನಕ್ಕೆ ಸಂಬಂಧಿಸಿದ್ದೇ ಹೊರತು ನ್ಯಾಯಾಲಯದ ತೀರ್ಪಲ್ಲ.

ಸ್ಥಳೀಯ ಹಿನ್ನೆಲೆ

ಕಲಬುರಗಿ ನಗರವು ತೊಗರಿಬೇಳೆಯ ವ್ಯಾಪಾರಕ್ಕೂ, ಕಲಬುರಗಿ–ಹುಮನಾಬಾದ್ ಹೆದ್ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೂ ಹೆಸರಾಗಿವೆ. ಎರಡೂ ಭೌಗೋಳಿಕ ಸೂಚಿಕೆ ಪಡೆದ ಉತ್ಪನ್ನಗಳು. ಬೇಗ ಹಾಳಾಗುವ ಬಾಳೆಯಂತಹ ಸರಕನ್ನು ಕಳುಹಿಸಿದ ವ್ಯಾಪಾರಿ ಚಾರ್ಜ್‌ಬ್ಯಾಕ್‌ನಲ್ಲಿ ಸೋತರೆ ಸರಕೂ ಹಣವೂ ಎರಡೂ ಕೈತಪ್ಪುತ್ತವೆ.

ಜಾಲದೊಳಗಿನ ಮೇಲ್ಮನವಿ

ಜಾಲದ ನಿಯಮಗಳಲ್ಲಿ ಪೂರ್ವ ಮಧ್ಯಸ್ಥಿಕೆ ಮತ್ತು ಮಧ್ಯಸ್ಥಿಕೆ ಎಂಬ ಮುಂದಿನ ಹಂತಗಳಿವೆ. ಇವುಗಳನ್ನು ವ್ಯಾಪಾರಿಯ ಪರವಾಗಿ ಅವನ ಬ್ಯಾಂಕು ನಡೆಸಬೇಕು. ಗಡುವು ಕಿರಿದು, ಸೋತ ಪಕ್ಷವು ಶುಲ್ಕ ಭರಿಸಬೇಕಾಗುವುದರಿಂದ ಸಣ್ಣ ಮೊತ್ತಕ್ಕೆ ಈ ಮಾರ್ಗ ಲಾಭದಾಯಕವಲ್ಲ.

ಓಂಬುಡ್ಸ್‌ಮನ್

ಸಾಕ್ಷ್ಯವನ್ನು ಸಕಾಲದಲ್ಲಿ ಮುಂದೆ ಕಳುಹಿಸದಿರುವಂತಹ ಬ್ಯಾಂಕಿನ ಸೇವಾ ಲೋಪಕ್ಕೆ ಮೊದಲು ಬ್ಯಾಂಕಿಗೇ ಲಿಖಿತ ದೂರು ನೀಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ, ಭಾರತೀಯ ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರಂದು ಜಾರಿಗೆ ತಂದ ಸಮಗ್ರ ಓಂಬುಡ್ಸ್‌ಮನ್ ವ್ಯವಸ್ಥೆಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಸರಕಿನ ಕುರಿತು ಖರೀದಿದಾರನೊಡನೆ ಇರುವ ವ್ಯಾಜ್ಯವನ್ನು ಅದು ನಿರ್ಣಯಿಸುವುದಿಲ್ಲ.

ನ್ಯಾಯಾಲಯ ಮತ್ತು ರಾಜಿ

ಸರಕು ಸ್ವೀಕರಿಸಿಯೂ ಹಣ ಹಿಂಪಡೆದ ಖರೀದಿದಾರನು ಬೆಲೆ ತೆರುವ ಹೊಣೆಯಿಂದ ಮುಕ್ತನಾಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 55ನೇ ಕಲಮಿನಡಿ ಬೆಲೆ ವಸೂಲಿಗೆ ಸಿವಿಲ್ ದಾವೆ ಹೂಡಬಹುದು. ಸಾಲದ ಅವಧಿ ಗೊತ್ತುಪಡಿಸದ ಮಾರಾಟದಲ್ಲಿ, 1963ರ ಕಾಲಮಿತಿ ಕಾಯ್ದೆಯಂತೆ ಸರಕು ಒಪ್ಪಿಸಿದ ದಿನದಿಂದ 3 ವರ್ಷಗಳೊಳಗೆ ದಾವೆ ಸಲ್ಲಿಸಬೇಕು. ದಾವೆಗೆ ಮುನ್ನ ನೋಟಿಸ್ ಕಳುಹಿಸುವುದು ರೂಢಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿಗೂ ಅವಕಾಶವಿದೆ. ಅಲ್ಲಿನ ಐತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಆರಂಭದಿಂದಲೇ ವಂಚಿಸುವ ಉದ್ದೇಶವಿದ್ದರೆ ಪೊಲೀಸರಿಗೆ ಅಥವಾ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ನೀಡಬಹುದು.

ಸಾಕ್ಷ್ಯ ಮತ್ತು ಮುನ್ನೆಚ್ಚರಿಕೆ

ಬಿಲ್ಲು, ಸಾಗಣೆ ರಸೀದಿ, ಸ್ವೀಕೃತಿಯ ಸಹಿ, ಖರೀದಿದಾರನೊಡನೆ ನಡೆದ ಸಂದೇಶಗಳು ಮತ್ತು ಮರಳಿಕೆ ನಿಯಮದ ಪ್ರತಿ ಮೇಲಿನ ಎಲ್ಲ ಮಾರ್ಗಗಳಿಗೂ ಆಧಾರ. ಒಟಿಪಿ ದೃಢೀಕರಣವು ‘ಈ ವಹಿವಾಟು ನನ್ನದಲ್ಲ’ ಎಂಬ ತಕರಾರಿಗೆ ಉತ್ತರವಾಗಬಲ್ಲದು. ‘ಸರಕು ತಲುಪಿಲ್ಲ’ ಎಂಬ ತಕರಾರಿಗೆ ಸ್ವೀಕೃತಿ ಪತ್ರವೇ ಬೇಕು.